ಬೀಡು ಬುಡದಲ್ಲಿ, ಬೆಟ್ಟ ಬೆಳಿಗ್ಗೆ



ದೀಪಾವಳಿ ಮುಗಿಯಿತು. ಹಿಂಗಾರು ಮಳೆ ಹಿಂದೆ ಸರಿಯುತ್ತಿದೆ. ಕೆರೆಗಳಲ್ಲಿ ಒಂದಿಷ್ಟು ನೀರು ನಿಂತಿದೆ, ಬೆಟ್ಟಗಳ ಮೈಮೇಲೆ ಇನ್ನೂ ಹಸಿರಿದೆ. ಇನ್ನು ಮೂರು ತಿಂಗಳು ನಮ್ಮ ತುಮಕೂರು ಸೀಮೆಯ ಬೆಟ್ಟಗಳನ್ನು ಸುತ್ತಲು ಒಳ್ಳೆಯ ಕಾಲ. ಮನೆಯಲ್ಲಿ ಮಕ್ಕಳ ಒತ್ತಾಯವೂ ಶುರುವಾಗಿರುತ್ತದೆ. ಟೆಂಟು ಹಾಕೋಣ, ಬೆಟ್ಟದ ತುದಿಯಲ್ಲಿ ಮಲಗೋಣ, ನಕ್ಷತ್ರ ಎಣಿಸೋಣ ಅಂತ. ಮೊಬೈಲಿನಲ್ಲಿ ಯಾರೋ ಬಂಡೆಯ ಅಂಚಿಗೆ ಟೆಂಟು ಹಾಕಿಕೊಂಡು ಕೂತ ಚಿತ್ರವನ್ನು ಅವರು ನೋಡಿರುತ್ತಾರೆ.

ಅಂಥ ಮನೆಗಳ ಅಪ್ಪ ಅಮ್ಮಂದಿರಿಗೆ, ಅಜ್ಜ ಅಜ್ಜಿಯರಿಗೆ ಈ ಮಾತು. ಹೇಳುವುದು ಒಂದೇ ಸಂಗತಿ. ಪ್ರವಾಸದ ಯೋಜನೆಯನ್ನು ನಾವು ಸಾಮಾನ್ಯವಾಗಿ ಹಗಲಿನಿಂದ ಶುರು ಮಾಡುತ್ತೇವೆ. ಯಾವ ಬೆಟ್ಟ ಹತ್ತೋಣ, ಯಾವ ದೇವಸ್ಥಾನ ನೋಡೋಣ, ಊಟ ಎಲ್ಲಿ. ರಾತ್ರಿ ಎಲ್ಲಿ ಎಂಬ ಪ್ರಶ್ನೆ ಕೊನೆಗೆ ಬರುತ್ತದೆ. ಬೀಡು ಬಿಡುವ ಪ್ರವಾಸದಲ್ಲಿ ಇದನ್ನು ತಿರುಗಿಸಬೇಕು. ಮೊದಲು ರಾತ್ರಿಯ ಜಾಗ ಗೊತ್ತು ಮಾಡಿ. ಆ ಜಾಗ ಬೆಟ್ಟದ ಮೇಲೆ ಬೇಡ, ಬುಡದಲ್ಲಿರಲಿ. ಬೆಟ್ಟವನ್ನು ಬೆಳಿಗ್ಗೆ ಹತ್ತಿ, ಬಿಸಿಲೇರುವ ಮೊದಲು ಇಳಿದು ಬನ್ನಿ.

ಮೇಲೆ ಯಾಕೆ ಬೇಡ? ನೀವು ಕೇಳಿಯೇ ಕೇಳುತ್ತೀರಿ. ತಂಪಿನ ಲೆಕ್ಕದಿಂದಲೇ ಶುರು ಮಾಡೋಣ. ತುಮಕೂರು ನಗರವೇ ಸಮುದ್ರಮಟ್ಟದಿಂದ ಸುಮಾರು 2,700 ಅಡಿ ಎತ್ತರದಲ್ಲಿದೆ. ಹತ್ತಿರದ ದೇವರಾಯನದುರ್ಗ ಬೆಟ್ಟದ ಎತ್ತರ ಹೆಚ್ಚುಕಡಿಮೆ 3,900 ಅಡಿ. ಅಂದರೆ ನೀವು ಏರುವುದು ಸುಮಾರು 1,200 ಅಡಿ. ಸಾವಿರ ಅಡಿ ಏರಿದರೆ ಗಾಳಿ ಎರಡು ಡಿಗ್ರಿಯಷ್ಟು ತಣ್ಣಗಾಗುತ್ತದೆ. ಹಾಗಾದರೆ ಮೇಲೆ ಮಲಗಿ ನೀವು ಗಳಿಸುವುದು ಎರಡು, ಎರಡೂವರೆ ಡಿಗ್ರಿ ತಂಪು. ಡಿಸೆಂಬರ್ ಜನವರಿಯಲ್ಲಿ ಬುಡದಲ್ಲೇ ಕಂಬಳಿ ಹೊದೆಯುವ ಚಳಿ ಇರುತ್ತದೆ. ಆ ಎರಡು ಡಿಗ್ರಿಗಾಗಿ ಮಕ್ಕಳನ್ನೂ ನೀರಿನ ಕ್ಯಾನನ್ನೂ ಹೊತ್ತು ಮೇಲೇರುವುದು ನನಗಂತೂ ಲಾಭದ ವ್ಯಾಪಾರವಾಗಿ ಕಾಣುವುದಿಲ್ಲ.

ಮುಂದಿನದು ಕಾನೂನು. ದೇವರಾಯನದುರ್ಗದ ಸುತ್ತ ಇರುವುದು ರಾಜ್ಯ ಅರಣ್ಯ. ಅಲ್ಲಿ ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ರಾತ್ರಿ ತಂಗುವಂತಿಲ್ಲ, ಬೆಂಕಿ ಹಾಕುವಂತಿಲ್ಲ. 1963ರ ಕರ್ನಾಟಕ ಅರಣ್ಯ ಕಾಯ್ದೆಯಡಿ ಅದು ಅಪರಾಧ. ಬೇರೆಯವರು ಹಾಕಿದ್ದರಲ್ಲ ಎನ್ನುವ ಮಾತು ಗಾರ್ಡಿನ ಮುಂದೆ ನಡೆಯುವುದಿಲ್ಲ.

ಇನ್ನು ದೊಡ್ಡ ಕಾರಣ. ನಮ್ಮ ಬೆಟ್ಟಗಳು ಖಾಲಿ ಬಿದ್ದಿಲ್ಲ. ಅಲ್ಲಿ ಕರಡಿ ಇದೆ, ಚಿರತೆ ಇದೆ. ಹಗಲು ಬಂಡೆಯ ಪೊಟರೆಯಲ್ಲಿ ಮಲಗಿ, ಮುಸ್ಸಂಜೆಗೆ ಎದ್ದು ಹೊರಡುವ ಪ್ರಾಣಿಗಳು ಅವು. ನೀವು ಟೆಂಟು ಹಾಕಲು ಹುಡುಕುವ ಸಮತಟ್ಟು ಜಾಗವೇ ಅವುಗಳ ದಾರಿಯೂ ಆಗಿರುತ್ತದೆ. 2019ರ ಕೊನೆ ಮತ್ತು 2020ರ ಮೊದಲ ತಿಂಗಳುಗಳು ಈ ಭಾಗದವರಿಗೆ ನೆನಪಿರಬೇಕು. ತುಮಕೂರು, ಗುಬ್ಬಿ, ಕುಣಿಗಲ್ ತಾಲ್ಲೂಕಿನ ಹಳ್ಳಿಗಳಲ್ಲಿ ಚಿರತೆ ದಾಳಿಗೆ ಜನ ಬಲಿಯಾದರು. ಸತ್ತವರಲ್ಲಿ ಪುಟ್ಟ ಮಕ್ಕಳೂ ಇದ್ದರು. ಭಯ ಹುಟ್ಟಿಸಲು ಇದನ್ನು ಹೇಳುತ್ತಿಲ್ಲ. ಸಂಜೆ ಆರರ ಮೇಲೆ ಮಗುವನ್ನು ಒಂಟಿಯಾಗಿ ಪೊದೆಯ ಕಡೆ ಕಳಿಸಬಾರದು ಎಂಬ ಒಂದೇ ನಿಯಮಕ್ಕಾಗಿ ಹೇಳುತ್ತಿದ್ದೇನೆ. ಬುಡದಲ್ಲಿ, ನಾಲ್ಕು ಮನೆ ಇರುವ ಕಡೆ, ನಾಯಿ ಬೊಗಳುವ ಕಡೆ ಆ ನಿಯಮ ಪಾಲಿಸುವುದು ಸುಲಭ. ಮೇಲೆ ಅದು ಆಗದ ಮಾತು.

ಬಂಡೆಯ ವಿಷಯವೂ ಇದೆ. ನಮ್ಮ ಬೆಟ್ಟಗಳ ನೆತ್ತಿ ಬೋಳು ಕಲ್ಲು. ಟೆಂಟಿನ ಗೂಟ ಇಳಿಯುವುದಿಲ್ಲ. ಮಂಜು ಬಿದ್ದರೆ ಪಾಚಿ ಜಾರುತ್ತದೆ. ರಾತ್ರಿ ಮೂತ್ರಕ್ಕೆಂದು ಎದ್ದ ಅಜ್ಜನಿಗೆ ಅಂಚು ಎಲ್ಲಿದೆ ಎಂದು ತಿಳಿಯುವುದಿಲ್ಲ.

ಈ ಸೀಮೆಯ ಹಿರಿಯರಿಗೆ ಇದೆಲ್ಲ ಹೊಸದಲ್ಲ. ಕುಣಿಗಲ್ ತಾಲ್ಲೂಕಿನ ಹುತ್ರಿದುರ್ಗ ಗೊತ್ತಲ್ಲ? ಮಾಗಡಿ ಕೆಂಪೇಗೌಡರ ವಂಶದ ಹೆಸರಿನೊಡನೆ ಸೇರಿದ ಕೋಟೆ. 1791ರ ಡಿಸೆಂಬರಿನಲ್ಲಿ, ಸಾವನದುರ್ಗ ಬಿದ್ದ ಕೆಲವೇ ದಿನಗಳಲ್ಲಿ, ಅದು ಬ್ರಿಟಿಷರ ಕೈ ಸೇರಿತು. ಕೋಟೆ ಕಾಯುವವರು ಮೇಲಿದ್ದರು, ಅದು ಅವರ ಕೆಲಸ. ಹೊರಗಿನಿಂದ ಬಂದ ದಂಡು ಬೀಡು ಬಿಡುವುದು ಬಯಲಿನಲ್ಲೇ, ನೀರಿನ ಹತ್ತಿರ. ಎತ್ತು, ಕುದುರೆ, ಸಾಮಾನು ಇಟ್ಟುಕೊಂಡವರಿಗೆ ಬೇರೆ ದಾರಿಯಿಲ್ಲ. ಸಂಸಾರ ಕಟ್ಟಿಕೊಂಡು ಹೋಗುವವರ ಸ್ಥಿತಿಯೂ ಅಷ್ಟೇ.

ದಂಡನ್ನು ಬಿಡಿ, ಜಾತ್ರೆಗೆ ಬರೋಣ. ಶಿವರಾತ್ರಿಯ ಹೊತ್ತಿಗೆ ಸಿದ್ಧಗಂಗೆಯಲ್ಲಿ ದನಗಳ ಜಾತ್ರೆ ಸೇರುತ್ತದೆ. ಕಮಾನು ಗಾಡಿ ಕಟ್ಟಿಕೊಂಡು ಮನೆಮಂದಿಯೆಲ್ಲ ಹೊರಡುತ್ತಿದ್ದ ಕಾಲ ಬಹಳ ಹಿಂದಿನದೇನಲ್ಲ. ಗಾಡಿಯೇ ಮನೆ. ಹಗಲು ಮೇಲೆ ಕೂರುವುದು, ರಾತ್ರಿ ಕೆಳಗೆ ಹುಲ್ಲು ಹಾಸಿ ಮಲಗುವುದು. ಈಗ ಕ್ಯಾರವಾನ್ ಎಂದು ಬಾಡಿಗೆಗೆ ತರುತ್ತಾರಲ್ಲ, ಅದರ ಎಲ್ಲ ಅನುಕೂಲವೂ ಈ ಗಾಡಿಯಲ್ಲಿತ್ತು, ಶೌಚಾಲಯ ಒಂದನ್ನು ಬಿಟ್ಟು. ಆ ಪ್ರಯಾಣಕ್ಕೆ ಬರೆದಿಡದ ಕಟ್ಟಳೆಗಳಿದ್ದವು. ಹೊತ್ತು ಮುಳುಗುವ ಮೊದಲು ಗಾಡಿ ಬಿಡಬೇಕು. ಕೆರೆಯಿಂದ ಕೂಗಳತೆಯಲ್ಲಿರಬೇಕು, ಆದರೆ ಕೆರೆ ಅಂಗಳದಲ್ಲಿ ಬಿಡಬಾರದು. ಊರಿನ ಬೆಳಕು ಕಾಣಬೇಕು. ಬೆಳದಿಂಗಳ ವಾರ ಆರಿಸಬೇಕು. ಇಷ್ಟನ್ನು ಬರೆದುಕೊಂಡರೆ ಸಾಕು, ಯಾವ ಕ್ಯಾಂಪಿಂಗ್ ಪುಸ್ತಕವೂ ಬೇಡ.

ಅವರು ಗಾಡಿ ಬಿಡುತ್ತಿದ್ದದ್ದು ಎಲ್ಲಿ? ಗುಂಡುತೋಪಿನಲ್ಲಿ. ಊರ ಹೊರಗೆ, ಕೆರೆಯ ಹತ್ತಿರ, ದಾರಿಹೋಕರ ನೆರಳಿಗೆಂದೇ ಬೆಳೆಸಿದ ಮರಗಳ ಗುಂಪು. ಮಾವು, ಹಲಸು, ಹೊಂಗೆ, ಹಿಪ್ಪೆ, ನೇರಳೆ, ಹುಣಸೆ. ಹಳೆ ಮೈಸೂರಿನ ಊರೂರಿಗೂ ಒಂದು ಇತ್ತು. ಕಂದಾಯದ ದಾಖಲೆಯಲ್ಲಿ ಇಂದಿಗೂ ಗುಂಡುತೋಪು ಎಂದೇ ಬರೆದ ಜಮೀನುಗಳಿವೆ. ಆ ಮಾತಿಗೆ ಕೊನೆಯಲ್ಲಿ ಬರುತ್ತೇನೆ.

ಕೇಳುಗರೇ, ಇಲ್ಲಿಯವರೆಗೆ ಹೇಳಿದ್ದು ಇಷ್ಟು. ರಾತ್ರಿ ಬುಡದಲ್ಲಿ, ಬೆಟ್ಟ ಬೆಳಿಗ್ಗೆ. ಈಗ ಯಾವ ಬೆಟ್ಟದ ಬುಡ ಎಂದು ನೋಡೋಣ.

ತುಮಕೂರು ನಗರದಲ್ಲಿ ಇರುವವರಿಗೆ ದೇವರಾಯನದುರ್ಗ ಮೊದಲನೆಯದು. ದೂರ ಸುಮಾರು 15 ಕಿಲೋಮೀಟರ್. ಮೈಸೂರಿನ ಚಿಕ್ಕದೇವರಾಜ ಒಡೆಯರು ಹಿಡಿದ ಮೇಲೆ ಬೆಟ್ಟಕ್ಕೆ ಈ ಹೆಸರು ಬಂತು. ಕೆಳಗೆ ಭೋಗನರಸಿಂಹ, ಮೇಲೆ ಯೋಗನರಸಿಂಹ. ಫಾಲ್ಗುಣ ಮಾಸದ ಹುಣ್ಣಿಮೆಗೆ ತೇರು. ತೇರು ನೋಡಬೇಕೆನ್ನುವವರು ಆಗ ಹೋಗಿ, ಬೀಡು ಬಿಡಬೇಕೆನ್ನುವವರು ಆ ವಾರ ತಪ್ಪಿಸಿ.

ಬೆಟ್ಟಕ್ಕೆ ಮೊದಲು, ಕಾಡಿನ ನಡುವೆ, ನಾಮದ ಚಿಲುಮೆ ಸಿಗುತ್ತದೆ. ಚಿಲುಮೆ ಎಂದರೆ ದೊಡ್ಡ ಕೊಳ ಎಂದುಕೊಂಡು ಹೋದ ಮಕ್ಕಳಿಗೆ ಮೊದಲು ನಿರಾಸೆ. ಕಲ್ಲಿನಲ್ಲಿ ಒಂದು ಕಿರಿದಾದ ಕುಳಿ. ಬಗ್ಗಿ ನೋಡಬೇಕು. ಒಳಗೆ ನೀರು ತಿಳಿಯಾಗಿ ನಿಂತಿರುತ್ತದೆ. ಸದ್ದಿಲ್ಲದೆ ತುಂಬುತ್ತದೆ, ಸದ್ದಿಲ್ಲದೆ ಹರಿಯುತ್ತದೆ. ಸುತ್ತಲ ಮಣ್ಣು ಒಣಗಿ ಬಿರಿಯುವ ತಿಂಗಳಲ್ಲೂ ಅದರ ತೇವ ಆರುವುದಿಲ್ಲ. ವನವಾಸದಲ್ಲಿ ಇಲ್ಲಿ ತಂಗಿದ್ದ ರಾಮನಿಗೆ ನಾಮ ತೇಯಲು ನೀರು ಬೇಕಾಯಿತಂತೆ. ಬಾಣ ಬಿಟ್ಟ, ಬಂಡೆ ಸೀಳಿ ನೀರು ಬಂತು ಎಂಬುದು ಸ್ಥಳದ ಕಥೆ. ಕಥೆ ಏನೇ ಇರಲಿ, ಅದರೊಳಗಿನ ಬುದ್ಧಿ ನೋಡಿ. ತಂಗಿದ ಜಾಗದಲ್ಲಿ ಮೊದಲು ಬೇಕಾದದ್ದು ನೀರು.

ಮೈಸೂರು ಸಂಸ್ಥಾನದ ಹಕ್ಕಿಗಳ ಸಮೀಕ್ಷೆಗೆ 1930ರ ದಶಕದ ಕೊನೆಗೆ ಬಂದ ಸಲೀಂ ಅಲಿ ಇಲ್ಲಿನ ಅರಣ್ಯ ಅತಿಥಿಗೃಹದಲ್ಲಿ ತಂಗಿದ್ದರೆಂದು ಹೇಳುತ್ತಾರೆ. ಗಮನಿಸಿ, ಹಕ್ಕಿ ಹುಡುಕಲು ಬಂದವರೂ ಬುಡದಲ್ಲೇ ಮಲಗಿ, ನಸುಕಿಗೆ ಎದ್ದು ಬೆಟ್ಟದ ಕಡೆ ಹೊರಡಬೇಕು. ಹಳದಿ ಕೊರಳಿನ ಪಿಕಳಾರ ಎಂಬ ಅಪರೂಪದ ಹಕ್ಕಿ ಇಲ್ಲಿನ ಕಲ್ಲುಗುಡ್ಡಗಳಲ್ಲಿದೆ. ಅದನ್ನು ನೋಡಬೇಕಾದರೆ ಬಿಸಿಲೇರುವ ಮೊದಲೇ ಅಲ್ಲಿರಬೇಕು.

ಹಾಗಾದರೆ ತಂಗುವುದೆಲ್ಲಿ? ಕಾಡಿನ ಹೊರಗೆ, ಬೆಳಗುಂಬದ ಕಡೆ ಅಥವಾ ಊರ್ಡಿಗೆರೆಯ ಕಡೆ, ಪರಿಚಯದವರ ತೋಟ ಹುಡುಕಿ. ನೆಂಟರೋ, ನೆಂಟರ ನೆಂಟರೋ, ಕಚೇರಿಯ ಸಹೋದ್ಯೋಗಿಯ ಮಾವನೋ, ಯಾರಾದರೊಬ್ಬರು ಇದ್ದೇ ಇರುತ್ತಾರೆ. ಕೇಳಲು ಸಂಕೋಚ ಬೇಡ. ಮುಂಚೆಯೇ ಒಂದು ಹಗಲು ಹೋಗಿ ಜಾಗ ನೋಡಿ ಬನ್ನಿ. ಮನೆಯವರ ಕೈಗೆ ಏನಾದರೂ ಕೊಟ್ಟು ಬನ್ನಿ.

ತೋಟದಲ್ಲಿ ಟೆಂಟು ಹಾಕುವಾಗ ತಲೆ ಎತ್ತಿ ನೋಡಬೇಕು. ಇದು ತೆಂಗಿನ ಸೀಮೆ. ಬಲಿತ ಕಾಯಿ ಯಾವ ಹೊತ್ತಿಗೆ ಬೀಳುತ್ತದೆ ಎಂದು ಯಾರೂ ಹೇಳಲಾರರು. ಒಣಗಿದ ಗರಿ ಬಿದ್ದರೂ ಟೆಂಟು ಹರಿಯುತ್ತದೆ. ನೆರಳಿಗೆಂದು ತೆಂಗಿನ ಬುಡಕ್ಕೆ ಹೋಗಬೇಡಿ. ಮಾವಿನ ಮರದ ಹತ್ತಿರ, ಕಣದ ಬಯಲಿನಲ್ಲಿ, ಮನೆಯ ಜಗಲಿಯ ಎದುರು ಹಾಕಿ. ನೀರು ಹಾಯಿಸಿದ ಪಾತಿಗಳಿಂದ ದೂರವಿರಿ. ತೇವಕ್ಕೆ ಕಪ್ಪೆ ಬರುತ್ತದೆ, ಕಪ್ಪೆಗೆ ಹಾವು ಬರುತ್ತದೆ. ನಮ್ಮ ಕಡೆ ನಾಗರದಷ್ಟೇ ಕೊಳಕುಮಂಡಲದ ಬಗ್ಗೆಯೂ ಎಚ್ಚರ ಬೇಕು. ರಾತ್ರಿ ಚಪ್ಪಲಿ ಹಾಕುವ ಮೊದಲು ಕೊಡವಿ. ಟಾರ್ಚ್ ಇಲ್ಲದೆ ಹೆಜ್ಜೆ ಇಡಬೇಡಿ. ಹಾವು ಕಚ್ಚಿದರೆ ನಾಟಿ ಮದ್ದಿಗೆ ಹೊತ್ತು ಕಳೆಯದೆ ತುಮಕೂರಿನ ಜಿಲ್ಲಾಸ್ಪತ್ರೆಗೆ ಹೊರಡಿ. ಆಂಬುಲೆನ್ಸಿಗೆ 108. ಕಾಡುಪ್ರಾಣಿ ವಿಷಯಕ್ಕೆ ಅರಣ್ಯ ಇಲಾಖೆಯ 1926. ಈ ಎರಡನ್ನೂ ಬರೆದಿಟ್ಟುಕೊಳ್ಳಿ.

ಮನೆಯಲ್ಲಿ ವಯಸ್ಸಾದವರಿದ್ದರೆ, ಚಿಕ್ಕವರಿದ್ದರೆ, ದೇವರಾಯನದುರ್ಗಕ್ಕೂ ಮೊದಲು ಬಸದಿ ಬೆಟ್ಟ ಹತ್ತಿಸಿ ನೋಡಿ. ಮಂದಾರಗಿರಿ ಎಂದೂ ಕರೆಯುತ್ತಾರೆ. ನಗರದಿಂದ ಸುಮಾರು 10 ಕಿಲೋಮೀಟರ್, ಪಂಡಿತನಹಳ್ಳಿಯ ಹತ್ತಿರ. 450ರಷ್ಟು ಮೆಟ್ಟಿಲು. ಮೇಲೆ ಹಳೆಯ ಜೈನ ಬಸದಿಗಳು, ಹಿಂದೆ ಮೈದಾಳ ಕೆರೆ. ಕೆಳಗೆ, ದಿಗಂಬರ ಮುನಿಗಳು ಕೈಯಲ್ಲಿ ಹಿಡಿಯುವ ನವಿಲುಗರಿಯ ಪಿಂಛಿಯ ಆಕಾರದಲ್ಲೇ 81 ಅಡಿ ಎತ್ತರದ ಮಂದಿರ ಕಟ್ಟಿದ್ದಾರೆ. ಮನೆಯವರಲ್ಲಿ ಯಾರ ಉಸಿರು ಎಷ್ಟು, ಯಾರ ಮಂಡಿ ಎಷ್ಟು ಎಂಬುದು ಆ ಮೆಟ್ಟಿಲಲ್ಲೇ ತಿಳಿದುಬಿಡುತ್ತದೆ.

ಇದು ತುಮಕೂರಿನ ಕಡೆಯ ಮಾತಾಯಿತು. ದುರ್ಗ ಒಂದು, ಅದರ ಬುಡದ ತೋಟ ಒಂದು. ಈಗ ದಕ್ಷಿಣಕ್ಕೆ, ಕುಣಿಗಲ್ ಕಡೆಗೆ ಹೋಗೋಣ.

ತುಮಕೂರಿನಿಂದ ಗೂಳೂರು, ನಾಗವಲ್ಲಿ, ಹೆಬ್ಬೂರು ದಾಟಿ ಕುಣಿಗಲ್‌ಗೆ ಗಂಟೆಯ ದಾರಿ. ಬೆಂಗಳೂರಿನಿಂದ ಬರುವವರಿಗೆ ಹೆದ್ದಾರಿಯೂ ಇದೆ, 2017ರಿಂದ ಹಾಸನಕ್ಕೆ ಹೋಗುವ ರೈಲೂ ಇದೆ. ಈ ಭಾಗದ ಬೆಟ್ಟಗಳನ್ನು ನವದುರ್ಗಗಳ ಸಾಲಿನಲ್ಲಿ ಎಣಿಸುತ್ತಾರೆ. ಅದರಲ್ಲಿ ಎರಡು ಕುಣಿಗಲ್ ತಾಲ್ಲೂಕಿನವು. ಹುಲಿಯೂರುದುರ್ಗ ಮತ್ತು ಆಗಲೇ ಹೇಳಿದ ಹುತ್ರಿದುರ್ಗ.

ಎರಡರಲ್ಲಿ ಸಂಸಾರಕ್ಕೆ ಹೇಳಿದ್ದು ಹುತ್ರಿದುರ್ಗ. ಎತ್ತರ ಸುಮಾರು 3,700 ಅಡಿ. ಬುಡದಲ್ಲಿ ಸಂತೆಪೇಟೆ ಎಂಬ ಊರು. ಅಲ್ಲಿಂದ ಹತ್ತುತ್ತಾ ಹೋದರೆ ಒಂದರ ಮೇಲೊಂದು ಕೋಟೆ ಬಾಗಿಲು. ಒಂದು ಬಾಗಿಲ ನೆರಳಲ್ಲಿ ದಣಿವಾರಿಸಿ ಇನ್ನೊಂದಕ್ಕೆ ಹೋಗಬಹುದು. ಮಕ್ಕಳಿಗೆ ಬಾಗಿಲು ಎಣಿಸುವ ಕೆಲಸ ಕೊಡಿ, ದೂರುವುದನ್ನು ಮರೆಯುತ್ತಾರೆ. ನೆತ್ತಿಯಲ್ಲಿ ಶಂಕರೇಶ್ವರನ ಗುಡಿ, ಮುಂದೆ ನಂದಿ. ಆಕಾಶ ತಿಳಿಯಾಗಿದ್ದರೆ ಒಂದು ಕಡೆ ಸಾವನದುರ್ಗದ ಬೋಳು ಬೆನ್ನು, ಇನ್ನೊಂದು ಕಡೆ ಶಿವಗಂಗೆಯ ಮೊನೆ ಕಾಣುತ್ತದೆ. ನೆರಳು ಕಡಿಮೆ. ಬೆಳಿಗ್ಗೆ ಆರೂವರೆಗೆ ಹೊರಟು ಹತ್ತರೊಳಗೆ ಇಳಿಯುವಂತೆ ಲೆಕ್ಕ ಹಾಕಿ.

ಹುಲಿಯೂರುದುರ್ಗದ ಊರಿನ ಪಕ್ಕದಲ್ಲೇ ಎರಡು ಬೆಟ್ಟ. ಹೇಮಗಿರಿ ಒಂದು, ಕುಂಭಿ ಇನ್ನೊಂದು. ಕುಂಭಿ ಬೆಟ್ಟ ಬೋರಲು ಹಾಕಿದ ಗಡಿಗೆಯ ಹಾಗಿದೆ. ನೋಡಲು ಬಲು ಚಂದ. ಆದರೆ ನುಣುಪು ಕಲ್ಲು, ಕಡಿದಾದ ಏರು. ಅದು ಸಂಸಾರಕ್ಕಲ್ಲ. ಮಕ್ಕಳನ್ನು ಕರೆದುಕೊಂಡು ಹೋದವರು ಹೇಮಗಿರಿಗೆ ಹೋಗಿ, ಅಲ್ಲಿಂದ ಕುಂಭಿಯನ್ನು ನೋಡಿ ಬರಲಿ. ನೋಡುವುದಕ್ಕೆ ಅದೇ ಸರಿಯಾದ ದೂರ.

ಈ ಕಡೆ ತಂಗಲು ಜಾಗ ಸಿಗದಿದ್ದರೆ ಯಡಿಯೂರು ಇದೆ. ತೋಂಟದ ಸಿದ್ಧಲಿಂಗ ಯತಿಗಳ ಕ್ಷೇತ್ರ. ಯಾತ್ರಿಕರು ಉಳಿಯುವ ವ್ಯವಸ್ಥೆ ಇರುವ ಊರು. ಟೆಂಟಿನ ಮೋಜು ಇರುವುದಿಲ್ಲ ನಿಜ. ಆದರೆ ಅಜ್ಜಿಗೆ ಗೋಡೆ, ಮಾಡು, ಬಿಸಿನೀರು ಸಿಗುತ್ತದೆ. ಅಜ್ಜಿ ಒಳಗೆ, ಮೊಮ್ಮಕ್ಕಳು ಮರುದಿನ ಬೆಟ್ಟದಲ್ಲಿ. ಈ ಹೊಂದಾಣಿಕೆಯಲ್ಲಿ ತಪ್ಪೇನಿಲ್ಲ.

ಬುಡದ ಮಾತು ಎಂದರೆ ನೀರಿನ ಮಾತು. ಈಗ ನೀರಿಗೆ ಬರೋಣ. ಇದಕ್ಕೆ ಸ್ವಲ್ಪ ಹೆಚ್ಚು ಹೊತ್ತು ಬೇಕು.

ದೇವರಾಯನದುರ್ಗದಲ್ಲಿ ಎರಡು ನದಿ ಹುಟ್ಟುತ್ತವೆ. ಶಿಂಷಾ ಮತ್ತು ಜಯಮಂಗಲಿ. ಒಂದೇ ಬೆಟ್ಟದ ಮಳೆ, ಎರಡು ದಾರಿ. ಜಯಮಂಗಲಿ ಉತ್ತರಕ್ಕೆ ಹರಿದು ಉತ್ತರ ಪಿನಾಕಿನಿಯನ್ನು ಸೇರುತ್ತದೆ. ಶಿಂಷಾ ದಕ್ಷಿಣಕ್ಕೆ ತಿರುಗಿ ಕಾವೇರಿಯನ್ನು ಸೇರುತ್ತದೆ. ಮಕ್ಕಳಿಗೆ ಭೂಗೋಳ ಕಲಿಸಲು ಇದಕ್ಕಿಂತ ಒಳ್ಳೆಯ ತರಗತಿ ಬೇಡ. ಬೆಟ್ಟದ ಮೇಲೆ ನಿಂತು, ಈ ಕಡೆ ಬಿದ್ದ ಹನಿ ಎಲ್ಲಿಗೆ, ಆ ಕಡೆ ಬಿದ್ದ ಹನಿ ಎಲ್ಲಿಗೆ ಎಂದು ಕೇಳಿ.

ಶಿಂಷೆಯ ಜಾಡು ಹಿಡಿದರೆ ಗುಬ್ಬಿ ತಾಲ್ಲೂಕು ಸಿಗುತ್ತದೆ. ಗುಬ್ಬಿ ಎಂದ ಕೂಡಲೇ ನಮಗೆ ವೀರಣ್ಣನವರ ನಾಟಕ ಕಂಪನಿ ನೆನಪಾಗುತ್ತದೆ. ಬೆಟ್ಟ ನೆನಪಾಗುವುದಿಲ್ಲ. ಸರಿಯೇ, ಅದು ಕೆರೆ, ತೋಟಗಳ ಬಯಲುಸೀಮೆ. ತುಮಕೂರಿನಿಂದ 20 ಕಿಲೋಮೀಟರ್, ರೈಲಿನಲ್ಲೂ ಹೋಗಬಹುದು. ಅಲ್ಲಿ ಕಡಬದ ಕೆರೆ ನೋಡಬೇಕು. ಶಿಂಷೆಗೆ ಅಡ್ಡ ಕಟ್ಟಿದ ದೊಡ್ಡ ಕೆರೆ. ಅದಕ್ಕೂ ಒಂದು ಸ್ಥಳಪುರಾಣ. ಲಂಕೆಯಿಂದ ಹಿಂದಿರುಗುವಾಗ ರಾಮ ಇಲ್ಲಿ ಬೀಡು ಬಿಟ್ಟಿದ್ದನಂತೆ. ಸೀತೆ ಕೇಳಿದಳು, ಕೆರೆ ಕಟ್ಟಿಸಿದ. ನಾಮದ ಚಿಲುಮೆಯಲ್ಲಿ ರಾಮ ತನ್ನ ನಾಮಕ್ಕಾಗುವಷ್ಟು ನೀರು ತೆಗೆದ. ಕಡಬದಲ್ಲಿ ಸೀತೆ ಊರಿಗಾಗುವಷ್ಟು ಕೇಳಿದಳು. ಬೀಡಿನ ನೀರಿನ ಲೆಕ್ಕವನ್ನು ಮನೆಯ ಹೆಂಗಸರ ಕೈಗೆ ಕೊಡುವುದು ಒಳ್ಳೆಯದು ಎಂದು ನನಗೆ ತೋರುವುದು ಅದಕ್ಕೇ.

ಆ ಲೆಕ್ಕ ಏನು? ಕುಡಿಯಲು, ಅಡುಗೆಗೆ, ಕೈಬಾಯಿ ತೊಳೆಯಲು ತಲೆಗೆ ದಿನಕ್ಕೆ ಐದು ಲೀಟರ್ ಹಿಡಿಯಿರಿ. ಆರು ಜನಕ್ಕೆ ಮೂವತ್ತು ಲೀಟರ್. ಅಂದರೆ ಇಪ್ಪತ್ತು ಲೀಟರಿನ ಎರಡು ಕ್ಯಾನು, ಒಂದಿಷ್ಟು ಉಳಿಕೆ. ಬೆಟ್ಟ ಹತ್ತುವಾಗ ಪ್ರತಿಯೊಬ್ಬರ ಬೆನ್ನಿಗೂ ಒಂದೂವರೆ ಲೀಟರ್. ಮೇಲಿನ ದೊಣೆಗಳ ನೀರು ನೋಡಲು ತಿಳಿ, ಕುಡಿಯಲು ಅಲ್ಲ. ತೋಟದ ಪಂಪಿನ ನೀರು ಇದೆಯಲ್ಲ ಎನ್ನಬೇಡಿ. ಪಂಪ್‌ಸೆಟ್ಟಿಗೆ ಕರೆಂಟು ದಿನಕ್ಕೆ ಕೆಲವೇ ಗಂಟೆ. ಅದು ರಾತ್ರಿ ಎರಡಕ್ಕೂ ಬರಬಹುದು. ಬಂದಾಗ ನೀವು ಮಲಗಿದ ಪಾತಿಗೂ ಬರಬಹುದು. ತೋಟದವರನ್ನು ಮೊದಲೇ ಕೇಳಿ ತಿಳಿದುಕೊಳ್ಳಿ.

ನೀರು ಹತ್ತಿರ ಬೇಕು, ಆದರೆ ನೀರಿನೊಳಗೆ ಬೇಡ. ಇದನ್ನು ನಾನು ಒತ್ತಿ ಹೇಳಬೇಕು. ಕುಣಿಗಲ್ ತಾಲ್ಲೂಕಿನ ಮಾರ್ಕೋನಹಳ್ಳಿ ಅಣೆಕಟ್ಟು ಗೊತ್ತಿರಬೇಕು. ಅದೂ ಶಿಂಷೆಯದೇ. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಕಟ್ಟಿದ್ದು. ಅದರ ವಿಶೇಷ ಸೈಫನ್. ನೀರು ಒಂದು ಮಟ್ಟ ಮುಟ್ಟಿತೆಂದರೆ ತಾನಾಗಿಯೇ ಎಳೆದುಕೊಂಡು ಹೊರಗೆ ಸುರಿಯುತ್ತದೆ. ಗೇಟು ಎತ್ತುವವನು ಬೇಕಿಲ್ಲ, ಗುಂಡಿ ಒತ್ತುವವನು ಬೇಕಿಲ್ಲ. ಕಟ್ಟಿದವರ ಜಾಣತನ ದೊಡ್ಡದು. ಅಪಾಯವೂ ಅಲ್ಲೇ ಇದೆ. ಈ ಕ್ಷಣ ಬರಿ ಕಲ್ಲು, ಮರುಕ್ಷಣ ನೀರಿನ ರಭಸ. 2025ರ ಅಕ್ಟೋಬರಿನಲ್ಲಿ ಹಾಗೆಯೇ ಆಯಿತು. ವಿಹಾರಕ್ಕೆಂದು ಬಂದ ಒಂದೇ ಕುಟುಂಬದವರು ಕೊಚ್ಚಿಹೋದರು. ಅಣೆಕಟ್ಟನ್ನು ಅಣೆಕಟ್ಟಿನ ಮೇಲಿನಿಂದ ನೋಡಿ. ಅದರ ಕೆಳಗಿನ ಪಾತ್ರಕ್ಕೆ ಇಳಿಯಬೇಡಿ. ಮಕ್ಕಳು ಅಳಲಿ, ಅಳಲು ಬಿಡಿ.

ಮಳೆಯ ಲೆಕ್ಕವೂ ಇದರ ಜೊತೆಗೇ. ನಮ್ಮಲ್ಲಿ ಮಳೆಯ ಜೋರು ಸೆಪ್ಟೆಂಬರ್, ಅಕ್ಟೋಬರಿನಲ್ಲಿ. ಏಪ್ರಿಲ್, ಮೇ ತಿಂಗಳಲ್ಲಿ ಸಂಜೆ ಹೊತ್ತು ಗುಡುಗು ಸಿಡಿಲು. ಬೋಳು ಬಂಡೆಯ ಮೇಲೆ ಸಿಡಿಲಿಗೆ ಸಿಗುವ ಎತ್ತರದ ವಸ್ತು ನೀವೇ ಆಗಿರುತ್ತೀರಿ. ಆದ್ದರಿಂದ ನವೆಂಬರ್ ಕೊನೆಯಿಂದ ಫೆಬ್ರುವರಿ. ಎರಡನೇ ಶನಿವಾರ ಹುಣ್ಣಿಮೆಯ ಹತ್ತಿರ ಬಂದರೆ ಆ ವಾರವೇ ಹೊರಡಿ.

ಜಾಗ ಆಯಿತು, ನೀರು ಆಯಿತು. ಉಳಿದದ್ದು ಗಾಡಿ ಮತ್ತು ಊಟ. ಇವನ್ನು ಬೇಗ ಮುಗಿಸುತ್ತೇನೆ.

ಮಲಗಲು ಹಾಸಿಗೆ, ಒಲೆ, ಶೌಚಾಲಯ ಎಲ್ಲ ಇರುವ ಕ್ಯಾರವಾನ್ ಈಗ ಬೆಂಗಳೂರಿನಲ್ಲಿ ಬಾಡಿಗೆಗೆ ಸಿಗುತ್ತದೆ. ಹೆದ್ದಾರಿಗೆ ಅದು ಸರಿ. ಆದರೆ ದುರ್ಗದ ತಿರುವುಗಳಿಗೂ ಹಳ್ಳಿಯ ಓಣಿಗಳಿಗೂ ಅದರ ಉದ್ದ, ಎತ್ತರ ಹೆಚ್ಚು. ಜೋತುಬಿದ್ದ ಕರೆಂಟು ತಂತಿ, ಬಾಗಿದ ಹುಣಸೆ ಕೊಂಬೆ, ಎದುರಿಗೆ ಬರುವ ತೆಂಗಿನಕಾಯಿ ಲಾರಿ, ಇವುಗಳ ನಡುವೆ ಹಿಂದಕ್ಕೆ ತೆಗೆಯುವುದು ಸುಲಭವಲ್ಲ. ತರುವುದಾದರೆ ಬುಡದಲ್ಲಿ, ಗಟ್ಟಿ ನೆಲದ ಮೇಲೆ ನಿಲ್ಲಿಸಿ. ಕೊಳೆನೀರನ್ನು ಕೆರೆಗೂ ಕಾಲುವೆಗೂ ಬಿಡಬೇಡಿ. ನನ್ನನ್ನು ಕೇಳಿದರೆ ಆರೆಂಟು ಜನರ ಸಂಸಾರಕ್ಕೆ ಒಂದು ಟೆಂಪೋ ಟ್ರಾವೆಲರ್, ಎರಡು ಟೆಂಟು, ಒಂದು ಟಾರ್ಪಾಲು ಸಾಕು. ದಾರಿ ಬಲ್ಲ ಸ್ಥಳೀಯ ಡ್ರೈವರ್ ಇದ್ದರೆ ಇನ್ನೂ ಒಳ್ಳೆಯದು.

ಊಟಕ್ಕೆ ಬೆಂಕಿಯ ಹಂಗು ಕಡಿಮೆ ಮಾಡಿ. ರಾಗಿ ಹುರಿಹಿಟ್ಟು, ಬೆಲ್ಲ, ಕಾಯಿ. ಹುರಿಗಾಳು. ಚಿತ್ರಾನ್ನದ ಗೊಜ್ಜು. ಹೋಗುವ ದಿನ ಕ್ಯಾತ್ಸಂದ್ರದ ತಟ್ಟೆ ಇಡ್ಲಿ ಹೊಟ್ಟೆ ತುಂಬ ತಿಂದುಕೊಂಡೇ ಹೊರಡಿ. ಇದು ಅವರೆಕಾಯಿಯ ಕಾಲವೂ ಹೌದು, ಸಂಜೆ ತೋಟದಲ್ಲಿ ಕೂತು ಮಕ್ಕಳಿಗೆ ಸುಲಿಯಲು ಕೊಡಬಹುದು. ಬೆಟ್ಟದ ಮೇಲೆ ಕೋತಿಗಳಿವೆ. ಪ್ಲಾಸ್ಟಿಕ್ ಚೀಲದ ಸದ್ದು ಕೇಳಿದರೆ ಸಾಕು, ಎಲ್ಲಿದ್ದರೂ ಬರುತ್ತವೆ. ತಿಂಡಿ ಕೈಯಲ್ಲಿ ಹಿಡಿಯಬೇಡಿ, ಬಟ್ಟೆ ಚೀಲದಲ್ಲಿ ಕಟ್ಟಿ ಬೆನ್ನಿಗೆ ಹಾಕಿ. ಅವುಗಳಿಗೆ ನೀವಾಗಿ ಕೊಡಲೂ ಬೇಡಿ. ಇವತ್ತು ನೀವು ಕೊಟ್ಟ ಬಾಳೆಹಣ್ಣಿಗೆ ನಾಳೆ ಬಂದ ಮಗು ಕೈಗೆ ಗಾಯ ಮಾಡಿಕೊಳ್ಳುತ್ತದೆ.

ಬುಡದಲ್ಲಿ ಮಲಗಿದರೆ ಮಕ್ಕಳಿಗೆ ಮಜಾ ಏನು ಎಂದು ಕೇಳುವವರಿದ್ದಾರೆ. ಅವರಿಗೆ ಕಾಡುಪಾಪದ ಸುದ್ದಿ ಹೇಳುತ್ತೇನೆ. ತುಮಕೂರು ಕುಣಿಗಲ್ ದಾರಿಯ ನಾಗವಲ್ಲಿ ಈ ಪುಟ್ಟ ಪ್ರಾಣಿಗೆ ಹೆಸರಾದ ಊರು. ಗೇಣುದ್ದದ ಮೈ, ಬಾಲವಿಲ್ಲ, ಕಡ್ಡಿಯಂಥ ಕೈಕಾಲು. ಮುಖದ ತುಂಬ ಕಣ್ಣು. ಹಗಲೆಲ್ಲ ಪೊದೆಯಲ್ಲಿ ಮುದುಡಿ ಮಲಗಿ, ಕತ್ತಲಾದ ಮೇಲೆ ಬೇಲಿ ಸಾಲಿನ ಮರಗಳಿಗೆ ಬರುತ್ತದೆ. ಜಿಗಿಯುವುದಿಲ್ಲ. ಒಂದು ಕೈ ಎತ್ತಿ, ಕೊಂಬೆ ಹಿಡಿದು, ಗಟ್ಟಿಯಾಯಿತೆಂದು ನೋಡಿಕೊಂಡು, ಆಮೇಲೆ ಇನ್ನೊಂದು ಕೈ ಎತ್ತುತ್ತದೆ. ಹುಳುವೊಂದು ಎಟುಕಿದರೆ ಮಾತ್ರ ಅದರ ಕೈ ಚುರುಕು. ಟಾರ್ಚಿಗೆ ಕೆಂಪು ಬಣ್ಣದ ತೆಳು ಕಾಗದ ಕಟ್ಟಿ, ಸದ್ದು ಮಾಡದೆ, ಊರಿನವರೊಬ್ಬರನ್ನು ಜೊತೆಗೆ ಕರೆದುಕೊಂಡು ಹೋಗಿ. ಎರಡು ಕೆಂಡದ ಚುಕ್ಕಿ ಕಂಡರೆ ನಿಮ್ಮ ಅದೃಷ್ಟ. ಹಿಡಿಯುವುದು, ಮುಟ್ಟುವುದು, ಮುಖಕ್ಕೇ ಬೆಳಕು ಬಿಡುವುದು ಕೂಡದು. ಇದು ಕಾಣುವುದು ಬೆಟ್ಟದ ನೆತ್ತಿಯಲ್ಲಲ್ಲ, ಹೊಲದ ಬದುವಿನ ಮರಗಳಲ್ಲಿ. ಬುಡದಲ್ಲಿ ಮಲಗಿದವರಿಗೆ ಮಾತ್ರ ಸಿಗುವ ನೋಟ.

ಕೇಳುಗರೇ, ನನ್ನ ಹೊತ್ತು ಮುಗಿಯುತ್ತಾ ಬಂತು. ಗುಂಡುತೋಪಿನ ಮಾತು ಬಾಕಿ ಇದೆ.

ತೋಟವಿರುವ ನೆಂಟರು ಎಲ್ಲರಿಗೂ ಇರುವುದಿಲ್ಲ. ಅಂಥವರು ಎಲ್ಲಿಗೆ ಹೋಗಬೇಕು? ರೆಸಾರ್ಟಿನ ದರ ಎಲ್ಲರ ಕೈಗೆ ಎಟುಕದು. ಜಾಗ ಇಲ್ಲದ್ದಕ್ಕೇ ಎಷ್ಟೋ ಹುಡುಗರು ಕದ್ದು ಬೆಟ್ಟದ ಮೇಲೆ ಮಲಗುತ್ತಾರೆ. ಊರಿನ ಗುಂಡುತೋಪು ಉಳಿದಿದ್ದರೆ ಈ ತೊಂದರೆ ಇರುತ್ತಿರಲಿಲ್ಲ. ಕೆಲವು ಒತ್ತುವರಿಯಾಗಿವೆ. ಕೆಲವು ಕಟ್ಟಡಕ್ಕೆ ಹೋಗಿವೆ. ಕೆಲವು ಕಡೆ ನಾಲ್ಕು ಮುದಿ ಹಿಪ್ಪೆ ಮರ ಇನ್ನೂ ನಿಂತಿವೆ. ಅಷ್ಟು ಉಳಿದಿದ್ದರೂ ಸಾಕು. ಗ್ರಾಮ ಪಂಚಾಯಿತಿ ಮನಸ್ಸು ಮಾಡಿದರೆ ಉದ್ಯೋಗ ಖಾತ್ರಿಯಲ್ಲಿ ಗಿಡ ನೆಡಿಸಬಹುದು. ಒಂದು ಬೋರ್‌ವೆಲ್, ಒಂದು ನಲ್ಲಿ, ಎರಡು ಶೌಚಾಲಯ, ಒಂದು ದೀಪದ ಕಂಬ. ಟೆಂಟಿಗೆ ಇಷ್ಟು ಎಂದು ಸಣ್ಣ ಶುಲ್ಕ. ಊರಿನ ಹೆಣ್ಣುಮಕ್ಕಳ ಸ್ವಸಹಾಯ ಸಂಘಕ್ಕೆ ಊಟದ ಹೊಣೆ. ಸಂತೆಪೇಟೆಯಲ್ಲಿ ಒಂದು, ಊರ್ಡಿಗೆರೆಯಲ್ಲಿ ಒಂದು, ಕಡಬದ ಕೆರೆ ಹತ್ತಿರ ಒಂದು. ಶುರುವಿಗೆ ಮೂರು ಸಾಕು.

ಇದನ್ನು ಕೇಳುತ್ತಿರುವ ಪಂಚಾಯಿತಿ ಸದಸ್ಯರು ಇರಬಹುದು, ಅಭಿವೃದ್ಧಿ ಅಧಿಕಾರಿಗಳು ಇರಬಹುದು. ನಿಮ್ಮ ಊರಿನ ದಾಖಲೆ ತೆಗೆಸಿ. ಗುಂಡುತೋಪು ಎಂದು ಬರೆದಿರುವ ಸರ್ವೆ ನಂಬರ್ ಯಾವುದು, ಈಗ ಅಲ್ಲಿ ಏನಿದೆ ಎಂದು ಮುಂದಿನ ಗ್ರಾಮಸಭೆಯಲ್ಲಿ ಜೋರಾಗಿ ಓದಿಸಿ.